ಬಾಕಿ ಚಿಲ್ಲರೆ

ಮೂವತ್ತೊಂದು ವರ್ಷ ಹಾಸನ–ಅರಕಲಗೂಡು ರೂಟಿನಲ್ಲಿ
ಟಿಕೆಟ್ಟಿನ ಬೆನ್ನಿಗೆ ಬರೆದುಕೊಟ್ಟಿದ್ದೇನೆ:
ಎಂಟಾಣೆ, ಎರಡು ರೂಪಾಯಿ, ಮೂರೂವರೆ.
'ಇಳಿಯೋವಾಗ ಇಸ್ಕಳಿ' ಅಂದೆ.
ಕೆಲವರು ಇಸಕೊಂಡರು. ಕೆಲವರು ನಿದ್ದೆಗಣ್ಣಲ್ಲೇ ಇಳಿದುಹೋದರು
ಕೋಳಿ, ಕೂಸು, ಕೊಡಲಿಕಾವು ಹಿಡಿದು.
ನಾನೂ ಸೀಟಿ ಊದಿದೆ.

ಅದೇ ಲೆಕ್ಕ ಇದು. ದಾನ ಅನ್ನಬೇಡಿ.

ಸಾಲಗಾಮೆ ರಸ್ತೆಯ ಕಿವುಡು ಮಕ್ಕಳ ಶಾಲೆಯಲ್ಲಿ
ಫಿಲೋಮಿನಾ ಟೀಚರು ಒಂದು ಡ್ರಾಯರ್ ಎಳೆದು ತೋರಿಸಿದ್ದರು:
ಹತ್ತೊಂಬತ್ತು ಶ್ರವಣಯಂತ್ರ,
ಹುರಿದ ಗೋಡಂಬಿಯ ಬಣ್ಣ, ಗೋಡಂಬಿಯದೇ ಡೊಂಕು.
'ಕ್ಯಾಂಪಿನವರು ಕೊಟ್ಟರು, ಫೋಟೋ ತೆಗೆಸಿಕೊಂಡರು.
ಸೆಲ್ಲು ಹತ್ತು ದಿನ ಬಂತು.
ಹನ್ನೊಂದನೇ ದಿನದಿಂದ ಡ್ರಾಯರು.'

ಹಾಗೆ ಶುರುವಾಯ್ತು ಚಿಪ್ಸಿನ ಅಂಗಡಿ,
ಸಂತೆಪೇಟೆ ಕಡೆ, ಎಂಟಡಿಗೆ ಹತ್ತಡಿ.
ನನ್ನ ಗ್ರ್ಯಾಚುಟಿಯದೊಂದು ಮೂಲೆ, ಟೀಚರ ಚೀಟಿ ದುಡ್ಡು,
ಬಾಣಲೆಗೆ ದ್ಯಾವಮ್ಮ,
ಮದುವೆ ಅಡುಗೆಗಳಲ್ಲಿ ಮೊಣಕೈವರೆಗೂ ಸುಟ್ಟು ಪಳಗಿದವಳು.
'ಸಂಬ್ಳ ಮೊದ್ಲು, ಧರ್ಮ ಆಮೇಲೆ'
ಒಲೆ ಹಚ್ಚುವ ಮುಂಚೆಯೇ ಹೇಳಿದಳು.
ಬರೆದುಕೊಂಡೆ.

ಅಗ್ಗವೆಂದು ಕೋಲ್ಡ್ ಸ್ಟೋರೇಜಿನ ಆಲೂಗೆಡ್ಡೆ ತಂದೆ.
ಎಣ್ಣೆಗೆ ಬಿದ್ದದ್ದೇ ಕಂದು, ಆಮೇಲೆ ಕರಿ.
ಚಳಿಯಲ್ಲಿ ಕೂತ ಗೆಡ್ಡೆ ಸಿಹಿಯಾಗುತ್ತದಂತೆ,
ಸಿಹಿ ಬೇಗ ಸುಡುತ್ತದಂತೆ.
ಮೂವತ್ತು ಕೆಜಿ ಪಕ್ಕದ ಮನೆಯ ಹಸುವಿಗೆ.
ಹಸುವೂ ಮೂಸಿ ಯೋಚಿಸಿತು.

ಪ್ಯಾಕೆಟ್ಟಿನ ಮೇಲೆ ಮಕ್ಕಳ ಪಟ ಹಾಕೋಣ ಅಂದೆ.
ಟೀಚರು ಕನ್ನಡಕ ತೆಗೆದರು, ಅಂದರೆ ಸಿಟ್ಟು.
'ಅಯ್ಯೋ ಪಾಪ ಅಂತ ಒಂದು ಸಲ ಕೊಳ್ತಾರೆ.
ಉಪ್ಪು ಸರಿ ಇದ್ರೆ ಇನ್ನೊಂದು ಸಲ ಬರ್ತಾರೆ.'
ಪಟ ಹೋಯ್ತು. ಉಪ್ಪಿಗೊಂದು ಅಳತೆ ಚಮಚ ಬಂತು.

ಮೊದಲ ತಿಂಗಳು ಕೈಬಿಟ್ಟದ್ದು ಸಾವಿರದ ನೂರ ನಲವತ್ತು.
ಪೆನ್ಷನ್ನಿನಲ್ಲಿ ನಾಲ್ಕು ಸ್ಟ್ರಿಪ್ ಸೆಲ್ ತಂದುಬಿಡಲೇ ಅಂದರೆ
'ನೀವು ಹೋದ ಮೇಲೆ ಯಾರ ಪೆನ್ಷನ್ನು?' ಅಂದರು ಟೀಚರು.
ಉತ್ತರ ತೋಚಲಿಲ್ಲ. ಎಣ್ಣೆ ಸೋಸಿದೆ.

ಐದನೇ ತಿಂಗಳು ಎಲ್ಲ ಕಳೆದು ಉಳಿದದ್ದು
ಆರು ಸ್ಟ್ರಿಪ್ಪು.
ಅಂಗಿ ಗುಂಡಿಗಿಂತ ಸಣ್ಣ ಸೆಲ್ಲು,
ಬೆನ್ನಿಗೆ ಬಣ್ಣದ ಚೀಟಿ.
ಚೀಟಿ ಕಿತ್ತ ಗಳಿಗೆಯಿಂದ ಆಯಸ್ಸು ಓಡುತ್ತದೆ,
ಕೇಳಿದರೂ ಕೇಳದಿದ್ದರೂ.
ಬೆನ್ನಿಗಿರುವ ಚೀಟಿಯ ವಿಷಯ ನನಗೆ ಗೊತ್ತು.

ಮುಬೀನಾ, ಒಂಬತ್ತು ವರ್ಷ,
ಯಂತ್ರ ಸಿಕ್ಕಿಸಿಕೊಂಡು ಒಂದು ಚಿಪ್ಸ್ ಕಚ್ಚಿದಳು.
ಕಚ್ಚಿದವಳು ಹಾಗೇ ನಿಂತಳು,
ತಲೆಯೊಳಗೆ ಯಾರೋ ತರಗೆಲೆ ತುಳಿದಂತೆ.
ಹಾಗಂತ ನಾನಂದುಕೊಂಡೆ, ಅವಳೇನೂ ಹೇಳಲಿಲ್ಲ.
ಇನ್ನೊಂದನ್ನು ನನ್ನ ಎಡಗಿವಿಯ ಹತ್ತಿರ ತಂದು ಮುರಿದಳು.
ಎಂಜಿನ್ ಸದ್ದಿಗೆ ಯಾವತ್ತೋ ಹೋದ ಕಿವಿ ಅದು.
ಕೇಳಿತು ಅಂತ ತಲೆಯಾಡಿಸಿದೆ.
ಸುಳ್ಳೆಂದು ಅವಳಿಗೆ ತಕ್ಷಣ ತಿಳಿಯಿತು.

ಒಂದು ಸಂಜೆ ಅಂಗಡಿಗೇ ಬಂದಳು.
ಬಾಣಲೆ ಭೋರ್ಗರೆಯುತ್ತಿತ್ತು, ದ್ಯಾವಮ್ಮ ಗ್ಯಾಸಿನವನನ್ನು ಬಯ್ಯುತ್ತಿದ್ದಳು,
ಹೊರಗೆ ಲಾರಿ, ಹಾರನ್ನು, ಮತ್ತೆ ಹಾರನ್ನು.
ಮುಬೀನಾ ಮುಖ ಕಿವುಚಿ
ಕಿವಿಯ ಹಿಂದೆ ಬೆರಳಿಟ್ಟು ಟಿಕ್ಕೆಂದು ಆರಿಸಿದಳು.
ಸ್ಟೂಲು ಹತ್ತಿ ಕಾಲಾಡಿಸುತ್ತ ತಿಂದಳು,
ಕೊನೇ ಸ್ಟಾಪಿನಲ್ಲಿ ಎಲ್ಲರನ್ನೂ ಇಳಿಸಿದ ಬಸ್ಸಿನಷ್ಟು ನೆಮ್ಮದಿಯಾಗಿ.

'ಇದುಕ್ಕಾ ನಾನು ಇಷ್ಟು ದಿನ ಕರ್ದಿದ್ದು?' ದ್ಯಾವಮ್ಮ ನಕ್ಕಳು.
ಆರಿಸೋಕೂ ಒಂದು ಸೆಲ್ಲು ಬೇಕಲ್ಲ ಅಂದೆ.

ಹುಡುಗಿ ಹತ್ತರ ನಾಣ್ಯ ಕೊಟ್ಟಿತು. ತಿಂದದ್ದು ಎಂಟರದ್ದು.
ಗಲ್ಲಾಪೆಟ್ಟಿಗೆಯಲ್ಲಿ ಚಿಲ್ಲರೆಯಿಲ್ಲ.
ಅಭ್ಯಾಸಬಲ, ಪೆನ್ನು ತೆಗೆದು ಚೀಟಿ ಹುಡುಕಿದೆ.
ತಲೆ ಎತ್ತಿದರೆ
ಕೈ ಚಾಚಿಕೊಂಡೇ ನಿಂತಿದ್ದಾಳೆ,
ಇಳಿಯುವ ಅವಸರವೇ ಇಲ್ಲದವಳು.