ಅಂಗೈ ತಪಾಸಣೆ

ತಿಖ್ವಿನ್ನಿನಾಚೆ, ಪೈನ್ ಎಲೆ ಬೇಯಿಸುವ ಕಾರ್ಖಾನೆ.
ಸೂಜಿಯೆಲೆಯ ಹಸಿರನ್ನಷ್ಟೇ ಹಿಂಡಿ ತೆಗೆದು
ಮುಲಾಮು ಮಾಡುತ್ತಾರೆ: ಸುಟ್ಟ ಮೈಗೆ, ಮಾಯದ ಹುಣ್ಣಿಗೆ.
ಲೆಕ್ಕವಿಟ್ಟು ಆಸ್ಪತ್ರೆಗೆ ಹೋಗುತ್ತವೆ ಡಬ್ಬಿಗಳು.

ಪಾಳಿ ಮುಗಿದರೆ ಗೇಟಿನಲ್ಲಿ ಯೆಫೀಮ್
ಜೇಬು ತಡವುತ್ತಾನೆ, ಬೂಟು ಬಿಚ್ಚಿಸುತ್ತಾನೆ.
ಆಗ್ರಫೇನಾಳ ಹತ್ತಿರ ಏನಿದೆ?
ಒಂದು ಬಾಚಣಿಗೆ, ಅರ್ಧ ಈರುಳ್ಳಿ.
ಕೈ ಮಾತ್ರ ತೊಳೆದಿಲ್ಲ.

ಮನೆಯಲ್ಲಿ ತಾಸ್ಯಾಗೆ ಮೊಣಕೈ ಸಂದಿಯಲ್ಲಿ ಇಸಬು,
ರಾತ್ರಿಯಿಡೀ ಕೆರೆತ, ದಿಂಬಿನ ಮೇಲೆ ರಕ್ತದ ಚುಕ್ಕಿ.
ಎರಡು ಮೈಲಿ ಹಿಮದಲ್ಲಿ, ಕೈಗವಸು ಹಾಕದೆ,
ಅಂಗೈಗೆ ಅಂಗೈ ಮುಚ್ಚಿ ನಡೆಯುತ್ತಾಳೆ,
ಒಳಗೊಂದು ಹಕ್ಕಿಮರಿ ಇದೆಯೆಂಬಂತೆ.

ಜನವರಿಯ ಒಂದು ಸಂಜೆ ಯೆಫೀಮ್ ಅಂದ:
“ಕೈ ತೋರಿಸು.”
ತೋರಿಸಿದಳು. ಮಣಿಕಟ್ಟಿನವರೆಗೂ ಹಸಿರು.
ಅವನು ಆಚೀಚೆ ನೋಡಿದ.
ತನ್ನ ಗವಸನ್ನು ಹಲ್ಲಲ್ಲಿ ಕಚ್ಚಿ ಎಳೆದ;
ಗೆಣ್ಣು ಗೆಣ್ಣೂ ಚಳಿಗೆ ಬಿರಿದು ಕೆಂಪು.
ಅವಳ ಕೈಗೆ ತನ್ನ ಕೈ ಉಜ್ಜಿಕೊಂಡ,
ಹಿಂದೆ, ಮುಂದೆ, ಮುಖ ನೋಡದೆ.
ಗೇಟು ತೆರೆದ.

ಆವತ್ತು ಮಗುವಿಗೆ ಉಳಿದದ್ದು ಕಡಿಮೆ.
ಉಗುರ ಸಂದಿಯದನ್ನು ಬೆಂಕಿಕಡ್ಡಿಯಲ್ಲಿ ಕೆದಕಿ
ಬಲಮೊಣಕೈಗೆ ಹಚ್ಚಿದಳು.
ಎಡದ್ದು ನಾಳೆಗೆ.