ಚುಕ್ಕಾಣಿ ಬಿಟ್ಟ ಮೇಲೆ

ಪೆಂಪೋಲಿನಲ್ಲಿ ಇಳಿತದ ಹೊತ್ತು.
ನೀರು ಹೋದ ದಿಕ್ಕಿಗೇ ನೋಡುತ್ತ ಕೆಸರಿನಲ್ಲಿ
ಮಗ್ಗುಲಾಗಿದೆ ದೋಣಿ. ಹೆಸರು ಬ್ರಾನ್:
ಬ್ರೆಟನ್ ಮಾತಿನಲ್ಲಿ ಕಾಗೆ. ಬಣ್ಣ ಮಾತ್ರ ಹಾಲು.
ಏಳೂವರೆ ಮೀಟರು, ನನಗಿಂತ ಇಪ್ಪತ್ತು ವರ್ಷ ಹಿರಿದು,
ನಾಲ್ಕು ಜನ ಮಲಗಬಹುದು,
ಒಬ್ಬರ ಮೇಲೊಬ್ಬರಿಗೆ ಸಿಟ್ಟಿಲ್ಲದಿದ್ದರೆ.

ಮೊಣಕಾಲುದ್ದದ ಬೂಟು ತೊಟ್ಟು ಕೆಸರಿಗಿಳಿದಳು ಮಾರಿವೋನ್,
ಕೈಯಲ್ಲಿ ಆಟಿಕೆಯಂಥ ಸುತ್ತಿಗೆ.
ಹಿಂದೆ ನಾನು, ಪುಸ್ತಕ ಪೆನ್ಸಿಲು ಹೊತ್ತವನು,
ಕೆಲಸ ಕಲಿಯಲು ಸೇರಿ ಐದು ತಿಂಗಳು.

ಟಕ್. ಟಕ್. ಟಕ್.
ಕುಂಬಳಕಾಯಿ ಕೊಳ್ಳುವವಳ ಹಾಗೆ
ತಟ್ಟಿ, ಕಿವಿಗೊಟ್ಟು, ಗೇಣು ಮುಂದೆ ಸರಿದು, ಮತ್ತೆ ತಟ್ಟಿ.
ಮಾರುವವನು ಗಿರೆಕ್, ಸಿಂಪಿ ಬೆಳೆದೂ ಬೆಳೆದೂ ಬೆನ್ನು ಬಾಗಿದವನು,
ನಿಲ್ಲಿಸದೆ ಹೊಗಳುತ್ತಿದ್ದ: ಓಟವೆಂದರೆ ಓಟ,
ಒಂದೇ ಹಗಲಿಗೆ ಗರ್ನ್‌ಸಿ ಮುಟ್ಟಿದ್ದು,
ಹೊಸ ದೋಣಿಯವರು ಮುಖ ತಿರುಗಿಸಿದ್ದು…
ಟಕ್. ಟಕ್. ತುಪ್.
ಗಿರೆಕ್ ಸುಮ್ಮನಾದ.

‘ಎಡಮಗ್ಗುಲು. ಕೂವೆಮರದ ಬಿಗಿಹಗ್ಗ ಬಂದು ಕಚ್ಚುವ ಜಾಗದ ಕೆಳಗೆ
ಅಂಗೈ ಅಗಲ, ಒಳಗೆ ಹಸಿ. ಬರಕೋ.’
ಬರೆದೆ.
‘ಅದರ ಮೇಲಿನ ಬಣ್ಣ ಮಾತ್ರ ಈಚಿನದು.’
ಅದನ್ನೂ ಬರೆದೆ.
ಗಿರೆಕ್ ದೂರದ ಸಿಂಪಿಹಾಸು ಎಣಿಸತೊಡಗಿದ.

ಕೊಳ್ಳಲು ಬಂದವರು ತಿಫೆನ್, ಎವೆನ್;
ಮದುವೆಯಾಗಿಲ್ಲ, ಐರ್ಲೆಂಡಿನ ನಕ್ಷೆ ಮಾತ್ರ ಆಗಲೇ ಕೊಂಡಾಗಿದೆ.
ಎವೆನ್ ಕೇಳಿದ: ‘ಮುಳುಗುವುದಿಲ್ಲ ತಾನೇ?’
‘ಕೇಳಬೇಕಾದ್ದು ಅದಲ್ಲಪ್ಪ.
ನೀನು ವಾಂತಿ ಮಾಡಿ ಮಾಡಿ ಬಿದ್ದುಕೊಂಡ ಮೂರು ಗಂಟೆ
ಇದು ತನ್ನ ಪಾಡಿಗೆ ಏನು ಮಾಡುತ್ತದೆ, ಅದನ್ನು ಕೇಳು.’

ಮರುದಿನ ಹೊರಟೆವು. ಬ್ರೆಯಾ ದ್ವೀಪ ದಾಟಿದ್ದೇ
ಗಾಳಿ ಒಂದು ಕಡೆ, ಸೆಳೆತ ಅದರ ಎದುರು,
ಅಲೆಗಳು ಮೋಟಾಗಿ, ಕಡಿದಾಗಿ, ಒಂದರ ಹಿಮ್ಮಡಿ ಒಂದು ತುಳಿಯುತ್ತ.
ಇದೇ ಬೇಕಿತ್ತು ಅವಳಿಗೆ.
ಕುಲುಕಾಟದಲ್ಲಿ ಒಲೆ ಹಚ್ಚಿ ಕಾಫಿಗಿಟ್ಟಳು,
ಯಾವ ಹಿಡಿ ಕೈಗೆ ಸಿಗುತ್ತದೆ, ಯಾವುದು ಸಿಗುವುದಿಲ್ಲ ನೋಡಲು.
ಹಾಯಿ ಕುಗ್ಗಿಸಲು ಎಷ್ಟು ಹೊತ್ತೆಂದು ಗಡಿಯಾರ ಹಿಡಿದಳು.
ಚುಕ್ಕಾಣಿಯನ್ನು ಎರಡೇ ಬೆರಳಲ್ಲಿ ಹಿಡಿದು ಕಣ್ಣು ಮುಚ್ಚಿದಳು,
ನಾಡಿ ನೋಡುವವರು ಮುಚ್ಚುವಂತೆ.

ಆಮೇಲೆ ಬಿಟ್ಟೇಬಿಟ್ಟಳು.

ಯಾರೂ ಉಸಿರೆತ್ತಲಿಲ್ಲ.
ದೋಣಿ ಒಮ್ಮೆ ತಡವರಿಸಿತು, ಬಲಕ್ಕೋ ಎಡಕ್ಕೋ ಎಂಬಂತೆ,
ಆಮೇಲೆ ಮೆಲ್ಲಗೆ ಮೂತಿ ಎತ್ತಿ
ಗಾಳಿಗೆ ಕೆನ್ನೆ ಕೊಟ್ಟು ನಿಂತಿತು.
ಅಲೆ ಬಂತು, ಏರಿತು. ಹೋಯಿತು, ಇಳಿಯಿತು.
ನಮ್ಮಲ್ಲಿ ಯಾರ ಅಗತ್ಯವೂ ಅದಕ್ಕಿರಲಿಲ್ಲ.

ಅಷ್ಟರಲ್ಲಿ ಎವೆನ್ ಬಕೀಟಿಗೆ ಬಾಗಿದ್ದ.
ತಿಫೆನ್ ಕೇಳದೆ ಕೇಳಿಸದೆ ಬಂದು ಚುಕ್ಕಾಣಿಗೆ ಕೂತಳು,
ಅಲೆ ಬಂದ ಮೇಲೆ ಅಲ್ಲ, ಬರುವ ಮೊದಲೇ ಮಣಿಕಟ್ಟು ತಿರುಗಿಸುತ್ತಿದ್ದಳು.
ಮಾರಿವೋನ್ ದೋಣಿಯನ್ನು ಬಿಟ್ಟು ಅವಳನ್ನೇ ನೋಡಿದಳು,
ಬಹಳ ಹೊತ್ತು.

ವರದಿಯಲ್ಲಿ ಮನುಷ್ಯರಿಗೆ ಕಲಮಿಲ್ಲ.
ಕೊನೆಯ ಪುಟದ ಅಂಚಿಗೆ ಪೆನ್ಸಿಲಿನಲ್ಲಿ
‘ಇವಳು ಕೂತರೆ ಸರಿ’ ಎಂದು ಬರೆದು ಅಳಿಸಿದ್ದಳು;
ಬೆಳಕಿಗೆ ಓರೆ ಹಿಡಿದರೆ ಈಗಲೂ ಕಾಣುತ್ತದೆ.

ಬೆಲೆ ಇಳಿಯಿತು. ಬ್ರಾನ್ ಕೈ ಬದಲಾಯಿತು.
ಡಿಸೆಂಬರಿನಲ್ಲಿ ಷೆಡ್ಡಿಗೆ ಹೋದಾಗ
ಎಡಮಗ್ಗುಲಲ್ಲಿ ಅಂಗೈ ಅಗಲದ ಕಿಂಡಿಯಲ್ಲ, ತೋಳುದ್ದದ ಕಿಂಡಿ
(ಹಸಿ ಎಂದೂ ಹೇಳಿದ್ದಕ್ಕಿಂತ ದೂರ ಹೋಗಿರುತ್ತದೆ).
ಎವೆನ್ ಹೊಸ ಹಲಗೆ ಕೂರಿಸುತ್ತಿದ್ದ.
ದೀಪ ಹಿಡಿದು ನಿಂತವನು ಗಿರೆಕ್.
ಯಾರು ಕರೆದರೋ, ತಾನೇ ಬಂದನೋ, ನಾನು ಕೇಳಲಿಲ್ಲ.

ಅಂಟು ಒಣಗಿದ ಮೇಲೆ ಎವೆನ್ ಸುತ್ತಿಗೆ ಬೇಡಿ ಪಡೆದ.
ಹಳೆಯದಕ್ಕೆ ಟಕ್.
ಹೊಸದಕ್ಕೆ ಟಕ್.
ನನ್ನ ಕಿವಿಗೆ ಎರಡೂ ಒಂದೇ.
ಮಾರಿವೋನ್ ಟೋಪಿ ಸರಿಸಿ ಕಿವಿ ಹೊರಗೆ ತೆಗೆದಳು:
‘ಇನ್ನೊಂದು ಸಲ.’