ಅರವತ್ಮೂರನೇ ನಟ್ಟು

ಬೆಟಗೇರಿಯೊಳಗ ತಕ್ಕಡಿ ರಿಪೇರಿ ಮಾಡಾಂವ ನಾನು,
ಸುಳ್ಳ ಹೇಳೋ ಮುಳ್ಳಿನ ಕಿವಿ ಹಿಂಡಾಂವ.
ಮಗಳು ಅಫ್ರೀನ ಸಾಲಿಯಿಂದ ಬೆಳ್ಳಿಹಾಳಿ ತಂದಾಳ:
ಗೇಣುದ್ದ, ಗೇಣಗಲ, ಅಷ್ಟರಾಗ ದೋಣಿ ಆಗಬೇಕು,
ಯಾರದು ಭಾಳ ನಟ್ಟು ಹೊರತೈತೋ ಅವರು ಗೆದ್ದಂಗ.

ಮೊದಲನೇದಕ್ಕ ಚೂಪ ಮೂಗು, ಧ್ವಜದ ಕಡ್ಡಿ.
ಹದಿಮೂರಕ್ಕ ಮುಣಗಿತು.
"ಚಂದ ಇತ್ತಲ್ಲ, ಅಬ್ಬಾ?"
ಚಂದಕ್ಕ ನೀರು ಹೆಗಲ ಕೊಡಂಗಿಲ್ಲವ್ವ.

ಎರಡನೇದು ಹಿಟ್ಟ ನಾದೋ ಪರಾತದಂಗ,
ಅಗಲ ತಳ, ಎರಡ ಬೆರಳ ಗ್ವಾಡಿ.
ನಟ್ಟು ಗುಂಪಿ ಸುರವಲಿಲ್ಲ,
ಮೂಲಿ ಮೂಲಿಗೆ ಕುಂದ್ರಿಸಿದಳು, ಉಸಿರ ಹಿಡದು.

ನಳ ಬರೋದು ಒಂಬತ್ತ ದಿನಕ್ಕೊಮ್ಮೆ.
ಕಂಠಮಟ ತುಂಬಿದ ಬೋಗಾಣಿ ಕೆಳಗ
ಅವರಮ್ಮಿ ಖರೇ ಪರಾತ ಇಟ್ಟಿದ್ದಳು,
ಚೆಲ್ಲಿದ್ದು ಭಾಂಡಿ ತಿಕ್ಕಾಕ.

ಆ ನೀರ ನಾನು ತೂಗಿದೆ.
ಇತ್ತ ಚೆಲ್ಲಿದ ನೀರು,
ಅತ್ತ ದೋಣಿ, ಅರವತ್ತೆರಡು ನಟ್ಟು.
ಮುಳ್ಳು ನಡುವ ನಿಂತಬಿಟ್ಟಿತು.
ಇಪ್ಪತ್ತೆಂಟ ವರ್ಷದಾಗ ಯಾವ ಗಿರಾಕಿನೂ
ನನಗ ಇಷ್ಟ ಖರೇ ಮಾತಾಡಿಲ್ಲ.

ಮತ್ತ ತೇಲಿಬಿಟ್ಟು
ಇನ್ನೊಂದ ಇಟ್ಟಳು.
ಮುಣಗಿತು.
ನೀರು ಏರಲಿಲ್ಲ, ನೋಡ್ರಿ, ಇಳೀತು ಒಂದೆಳಿ,
ತಲಿಮ್ಯಾಗಿನ ಗಂಟ ಕೆಳಗಿಟ್ಟ ಹಮಾಲ
ಭುಜ ಇಳಿಬಿಟ್ಟಂಗ.